ಮೂರು ಕೂಗಿನ ಪಾಠ

ನಾನು ಒಂದು ಇಡೀ ಚಳಿಗಾಲ ಅಕ್ಕಿಬೇಳೆ ಏನೂ ಹಾಕದೆ, ಬರೀ ನೀರಿಟ್ಟು ಕುಕ್ಕರ್ ಕೂಗಿಸಿದ್ದೇನೆ. ಬರೆದುಬಿಟ್ಟ ಮೇಲೆ ನನಗೇ ಗಾಬರಿಯಾಗುತ್ತಿದೆ. ಹೊತ್ತಿಗೆ ಸರಿಯಾಗಿ ಅನ್ನ ಸಾರು ಮಾಡುವ, ಬಿ.ಎ. ಪಾಸಾದ, ಬೀದಿಯವರೆಲ್ಲ ‘ಟೀಚರಮ್ಮ’ ಎಂದು ಕರೆಯುವ ಹೆಂಗಸು ಮಾಡುವ ಕೆಲಸವೇ ಅದು? ಆದರೆ ಮಾಡಿದ್ದೇನೆ, ಅದೂ ದಿನಕ್ಕೆ ಮೂರು ಸಲ. ಇದನ್ನು ಕಂಡು ಮೊದಲು ದಂಗಾದವರು ನನ್ನ ಅತ್ತೆ. ಕೊನೆಗೆ ದಂಗಾದವಳು ನಾನು.

ನಮ್ಮ ಮನೆ ಇರುವುದು ಮೈಸೂರಿನಲ್ಲಿ, ಜಯಲಕ್ಷ್ಮಿಪುರಂ ಮುಗಿದು ಗೋಕುಲಂ ಶುರುವಾಗುವ ಕಡೆ. ಲಗ್ನಪತ್ರಿಕೆಯಲ್ಲಿ ಒಂದು ಬಡಾವಣೆಯ ಹೆಸರು, ಕರೆಂಟ್ ಬಿಲ್ಲಿನಲ್ಲಿ ಇನ್ನೊಂದು. ತೊಂಬತ್ತರ ದಶಕದಲ್ಲಿ ನಾನು ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡ ಪಾಠ ಹೇಳಿಕೊಡುತ್ತಿದ್ದೆ. ಗೇಟಿಗೆ ಬೋರ್ಡ್ ಹಾಕಿರಲಿಲ್ಲ. ಬೋರ್ಡು ಯಾಕೆ, ಹೂವಿನ ಪುಟ್ಟಮ್ಮ ಇದ್ದಳಲ್ಲ! ದಿನಾ ಸಾಯಂಕಾಲ ಮಲ್ಲಿಗೆ ಬುಟ್ಟಿ ಹೊತ್ತು ಮನೆಮನೆಗೆ ಹೋಗುವವಳು. ಒಂದು ಮೊಳ ಹೂವು ಅಳೆದುಕೊಡುವಷ್ಟರಲ್ಲಿ ಮೂರು ಮನೆಯ ಸುದ್ದಿ ಇಳಿಸಿ, ನಾಲ್ಕನೆಯದನ್ನು ಏರಿಸಿಕೊಂಡು ಹೊರಡುತ್ತಿದ್ದಳು.

“ನೀವು ಯಾರ್ಗೂ ಯೋಳ್ಬ್ಯಾಡಿ ಅಮ್ಮೋರೆ, ನಾನ್ ಯೋಳ್ತೀನಿ ಬುಡಿ” ಎಂದಿದ್ದಳು. ಹೇಳಿದಳು. ವಾರದೊಳಗೆ ನಮ್ಮ ಹಜಾರದಲ್ಲಿ ಎಂಟು ಮಕ್ಕಳು.

ಆದರೆ ಪುಟ್ಟಮ್ಮನ ಪ್ರಚಾರಕ್ಕೆ ಎರಡು ಅಂಚು ಇತ್ತು. ಒಂದು ವರ್ಷ ಹಿಂದಿನ ಬೀದಿಯ ಡಾಕ್ಟರ ಮಗಳು ಹತ್ತನೇ ಕ್ಲಾಸಿನಲ್ಲಿ ಕನ್ನಡದಲ್ಲೇ ಫೇಲಾದಳು. ಆ ಸಾಯಂಕಾಲ ಪುಟ್ಟಮ್ಮ ಬುಟ್ಟಿ ಇಳಿಸುವ ಮೊದಲೇ ಕೇಳಿದಳು: “ಆ ಡಾಕ್ಟ್ರು ಮಗ್ಳು ಡುಮ್ಕಿ ಹೊಡ್ದ್ಬುಡ್ತಂತಲ್ಲ, ಎಂಗೆ ಅಮ್ಮೋರೆ? ಎಲ್ಲಾರೂ ಕೇಳ್ತಾವ್ರೆ.” ಎಲ್ಲರೂ ಯಾಕೆ ಕೇಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು, ಅವಳೇ ಹೇಳಿಕೊಂಡು ಬಂದಿದ್ದಳು. ಆ ದಸರೆಯಲ್ಲಿ ಗೊಂಬೆ ನೋಡಲು ಹೋದ ಮನೆಗಳಲ್ಲೆಲ್ಲ ಆರತಿ ಆಗುವ ಮೊದಲು ನನ್ನ ವಿಚಾರಣೆ ಆಯಿತು. ಹುಡುಗಿಗೆ ಸಂಧಿ ಬರಲಿಲ್ಲವೋ, ಸಮಾಸ ಬರಲಿಲ್ಲವೋ, ಅಥವಾ ನನಗೇ ಬರುವುದಿಲ್ಲವೋ ಎಂದು ಕೋಸಂಬರಿ ತಿನ್ನುತ್ತಲೇ ಪರೀಕ್ಷಿಸಿದರು. ಮಾರನೆಯ ವರ್ಷ ಆ ಹುಡುಗಿಯನ್ನು ಪಾಸು ಮಾಡಿಸುವವರೆಗೆ ನಾನು ಹೂವು ಕೊಳ್ಳುವುದಕ್ಕೂ ನಾಚಿಕೊಳ್ಳುತ್ತಿದ್ದೆ. ಆಗ ಅದು ಹಿಂಸೆ ಎನಿಸಿತ್ತು. ಅದು ಎಂಥ ದೊಡ್ಡ ಉಪಕಾರವಾಗಿತ್ತು ಎಂದು ತಿಳಿಯಲು ನಾನು ಇಂಟರ್‌ನೆಟ್ ನೋಡಬೇಕಾಯಿತು.

ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷವಾಗಿತ್ತು. ಗೋಕುಲಂ ತುಂಬ ಯೋಗ ಕಲಿಯಲು ಬಂದ ವಿದೇಶಿಯರು. ಬೆಳಿಗ್ಗೆ ಚಾಪೆ ಸುತ್ತಿ ಬೆನ್ನಿಗೆ ಹಾಕಿಕೊಂಡು ಹೋಗುವುದು, ಬಿಸಿಲೇರಿದ ಮೇಲೆ ಎಳನೀರು ಅಂಗಡಿ ಮುಂದೆ ಗುಂಪು ಕೂಡುವುದು. ಅವರಲ್ಲಿ ಇಂಗ್ರಿಡ್ ಎಂಬ ಹುಡುಗಿ ಒಂದು ದಿನ ನಮ್ಮ ಮನೆ ಬಾಗಿಲು ತಟ್ಟಿದಳು. ಎದುರು ಸಾಲಿನಲ್ಲಿ ಬಾಡಿಗೆಗಿದ್ದಳು. ಸೊಪ್ಪಿನವಳ ಜೊತೆ ಕನ್ನಡದಲ್ಲಿ ಮಾತಾಡಬೇಕಂತೆ, ಕಲಿಸುತ್ತೀರಾ ಎಂದಳು. ನಾಲ್ಕು ತಿಂಗಳು ಇರುತ್ತೇನೆ ಎಂದಳು. ಅವಳಿಗೆ ಬಿಡುವಿದ್ದದ್ದು ಹನ್ನೊಂದು ಗಂಟೆಗೆ, ಸರಿಯಾಗಿ ನಾನು ಕುಕ್ಕರ್ ಇಡುವ ಹೊತ್ತು.

ನನಗೊಂದು ದೌರ್ಬಲ್ಯವಿದೆ. ಕುಕ್ಕರಿನ ಕೂಗು ಎಣಿಸುವಾಗ ಬೇರೆ ಮಾತಾಡಿದರೆ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದರೆ ಬೇಳೆ ಗಂಜಿಯಾಗುತ್ತದೆ, ಬೇಳೆ ಗಂಜಿಯಾದರೆ ಅತ್ತೆ ಬೈಯುತ್ತಾರೆ. ಆದ್ದರಿಂದ ಇಂಗ್ರಿಡ್ ಬಂದು ಕೂತ ಕೂಡಲೇ ಬಾಯಿ ಮೇಲೆ ಬೆರಳಿಟ್ಟು ‘ಸುಮ್ಮನಿರು’ ಎಂದು ಸನ್ನೆ ಮಾಡಿ, ಅಡುಗೆಮನೆ ಬಾಗಿಲಲ್ಲಿ ಕಣ್ಣುಮುಚ್ಚಿ ನಿಲ್ಲುತ್ತಿದ್ದೆ. ಮೂರು ಕೂಗಾದ ಮೇಲೆ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಪಾಠ ಶುರು. ಅವಳಿಗೆ ‘ಳ’ ಬರುತ್ತಿರಲಿಲ್ಲ. ‘ಬೇಲೆ’, ‘ಕಾಲು’ ಎನ್ನುತ್ತಿದ್ದಳು. “ನಾಲಿಗೆ ಮಡಿಸು, ಮೇಲಕ್ಕೆ ತಾಗಿಸು, ಇನ್ನೊಂದು ಸಲ ಹೇಳು” ಎಂದು ನಾನು ಬಿಡದೆ ಕಾಡುತ್ತಿದ್ದೆ. ಪಾಠ ಮುಗಿದ ಮೇಲೆ ಅವಳು ಜಗಲಿಯಲ್ಲಿ ಅತ್ತೆಯ ಜೊತೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಮಾತಾಡದೆ ಇರುವುದೂ ಬರುವುದಿಲ್ಲ. ನಾಲ್ಕು ತಿಂಗಳಾಗುವ ಹೊತ್ತಿಗೆ ಇಂಗ್ರಿಡ್ ಸೊಪ್ಪಿನವಳಿಗೆ “ನಿನ್ನೆ ಸೊಪ್ಪು ಬಾಡಿತ್ತು ಕಣಮ್ಮ” ಎಂದು ಹೇಳುವಂತಾದಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅವಳು ಊರಿಗೆ ಹೋದ ಮಾರನೆಯ ಚಳಿಗಾಲ ಇಬ್ಬರು ಬಂದರು. ಆಮೇಲೆ ಐದು ಜನ. ಪುಟ್ಟಮ್ಮನನ್ನು ಕೇಳಿದರೆ ಅವಳೂ ಕಕ್ಕಾಬಿಕ್ಕಿ: “ನಾನ್ ಯೋಳಿಲ್ಲ ಅಮ್ಮೋರೆ, ಅವ್ರು ಹೂವಾ ಮುಡ್ಯಲ್ವಲ್ಲ!” ಕೊನೆಗೆ ಅವರಲ್ಲೇ ಒಬ್ಬಾಕೆ ನನ್ನನ್ನು ಪಕ್ಕದ ರಸ್ತೆಯ ಬ್ರೌಸಿಂಗ್ ಸೆಂಟರಿಗೆ ಕರೆದುಕೊಂಡು ಹೋಗಿ, ಪ್ಲೈವುಡ್ ಗೂಡಿನೊಳಗೆ ಕೂರಿಸಿ, ಕಂಪ್ಯೂಟರಿನಲ್ಲಿ ಒಂದು ಪುಟ ತೆರೆದಳು. ಈಗ ನಾವು ಸಾಮಾಜಿಕ ಜಾಲತಾಣ ಎಂದು ದೊಡ್ಡ ಹೆಸರಿಟ್ಟು ಕರೆಯುವ ಜಾತಿಯದು. ಸ್ನೇಹಿತರು ಸ್ನೇಹಿತರನ್ನು ಕೂಡಿಸಿಕೊಂಡು ಹರಟುವ ಜಾಗ.

ಅಲ್ಲಿ ನಾನಿದ್ದೆ! ಅಡುಗೆಮನೆ ಬಾಗಿಲಲ್ಲಿ, ಹಳೇ ವಾಯಿಲ್ ಸೀರೆಯಲ್ಲಿ, ಕಣ್ಣು ಮುಚ್ಚಿ ನಿಂತಿದ್ದೆ. ಯಾರು, ಯಾವಾಗ ಫೋಟೋ ಹೊಡೆದರೋ ತಿಳಿಯದು. ಕೆಳಗೆ ಬರೆದಿದ್ದರು: ಮೈಸೂರಿನಲ್ಲಿ ಒಬ್ಬ ತಾಯಿ ಇದ್ದಾಳೆ, ಮೂರು ಕೂಗಿನ ಮೌನದಿಂದ ಆಕೆಯ ಪಾಠ ಆರಂಭ, ಮೊದಲ ಕೂಗಿಗೆ ಉಸಿರು ಬಿಡಿ, ಎರಡನೆಯದಕ್ಕೆ ನಿಮ್ಮ ಊರು ಮರೆಯಿರಿ, ಮೂರನೆಯದಕ್ಕೆ ನಿಮ್ಮೊಳಗೆ ಹೊಸ ಮಾತು ಹುಟ್ಟುತ್ತದೆ. ಅದರ ಕೆಳಗೆ ನಾನು ಕಂಡುಕೇಳರಿಯದ ಊರುಗಳ ಜನ ಸಾಲುಗಟ್ಟಿ ನಿಂತು, ಓದಿಯೇ ಕಣ್ಣು ತುಂಬಿತು ಎಂದು ಬರೆದಿದ್ದರು. ಎಲ್ಲಕ್ಕಿಂತ ಹಿಂದೆ, ತಳದಲ್ಲಿ, ಇಂಗ್ರಿಡ್ ಬರೆದ ಮೊದಲ ಸಾಲು ಸಿಕ್ಕಿತು: ನನ್ನ ಮೇಡಂ ಬೇಳೆ ಬೇಯುವವರೆಗೂ ನನಗೆ ಬಾಯಿ ಬಿಡಲು ಬಿಡುವುದಿಲ್ಲ, ಆಮೇಲೆ ಬೈದು ಬೈದು ಕಲಿಸುತ್ತಾರೆ. ಪಾಪ, ಅವಳು ಬರೆದದ್ದು ಇದ್ದದ್ದು ಇದ್ದ ಹಾಗೆ. ಕೈಯಿಂದ ಕೈಗೆ ದಾಟುವಾಗ ಅದರಿಂದ ಬೇಳೆ ಬಿದ್ದುಹೋಗಿತ್ತು. ಬೈಗುಳವೂ ಬಿದ್ದುಹೋಗಿತ್ತು. ಕೂಗು ಮಾತ್ರ ಉಳಿದಿತ್ತು.

ಆಗಲೇ ಎದ್ದು, ಇದೆಲ್ಲ ಸುಳ್ಳು ಕಣಮ್ಮ ಎಂದು ಹೇಳಬೇಕಾಗಿತ್ತು. ನಾನೇನು ಮಾಡಿದೆ ಗೊತ್ತೇ? ಫೋಟೋವನ್ನು ಇನ್ನೊಂದು ಸಲ ನೋಡಿ, ಆ ಸೀರೆ ಉಟ್ಟಿರಬಾರದಾಗಿತ್ತು ಎಂದುಕೊಂಡೆ. ಮಾರನೆಯ ದಿನ ಗರಿಗರಿಯಾದ ಹತ್ತಿ ಸೀರೆ ಉಟ್ಟು ಬಾಗಿಲಲ್ಲಿ ನಿಂತೆ. ಅತ್ತೆ ಅಡಿಯಿಂದ ಮುಡಿಯವರೆಗೆ ನೋಡಿ, “ಮದುವೆಗೇನೇ?” ಎಂದರು.

ಅಲ್ಲಿಯವರೆಗೆ ಕುಕ್ಕರಿನಲ್ಲಿ ಬೇಳೆ ಇತ್ತು. ತಪ್ಪಿದ್ದು ಒಂದು ಏಕಾದಶಿ ದಿವಸ. ನಮ್ಮ ಮನೆಯಲ್ಲಿ ಏಕಾದಶಿ ಎಂದರೆ ಅನ್ನ ಮಾಡುವ ಹಾಗಿಲ್ಲ. ಅತ್ತೆ ನೀರಿನ ಮೇಲೆ ಇರುವವರು. (ನಮ್ಮವರು ಅವತ್ತು ಆಫೀಸಿನ ಕ್ಯಾಂಟೀನಿನಲ್ಲಿ ಏನು ತಿನ್ನುತ್ತಾರೆ ಎಂದು ನಾನು ಕೇಳಿದವಳಲ್ಲ.) ಹನ್ನೊಂದು ಗಂಟೆಗೆ ಐದು ಜನ ಬಂದು ಕಣ್ಣು ಮುಚ್ಚಿ ಕೂತರು. ಮನೆಯೆಲ್ಲ ನಿಶ್ಶಬ್ದ. ಒಂದು ನಿಮಿಷ ಆಯಿತು, ಮೂರು ನಿಮಿಷ ಆಯಿತು. ಹಿಂದಿನ ದಿನವಷ್ಟೇ ವಿಮಾನ ಇಳಿದು ಬಂದಿದ್ದ ಹುಡುಗಿಯೊಬ್ಬಳು ಮೆಲ್ಲಗೆ ಒಂದು ಕಣ್ಣು ತೆರೆದಳು. ಇವತ್ತು ಕೂಗು ಇಲ್ಲವೇ ಎಂದು ಅವಳ ಮುಖ ತೀರಾ ಸಣ್ಣದಾಯಿತು. ಒಳಗೆ ಹೋದೆ. ಕುಕ್ಕರಿಗೆ ಎರಡು ಲೋಟ ನೀರು ಹಾಕಿದೆ. ಮುಚ್ಚಿ, ವೆಯ್ಟ್ ಇಟ್ಟು, ಒಲೆ ಹಚ್ಚಿದೆ.

ಕೂಗಿತು! ಹಜಾರದಲ್ಲಿ ಐದು ಮುಖ ಅರಳಿದವು. ದೇವರಮನೆಯಲ್ಲಿ ಜಪ ನಿಂತಿತು.

“ಏನೇ ಅದು? ಏಕಾದಶಿ ದಿವ್ಸ ಕುಕ್ಕರ್ ಕೂಗ್ತಿದೆಯಲ್ಲೇ!”

“ನೀರು ಅತ್ತೆ, ಬರೀ ನೀರು.”

“ನೀರು ಕಾಯ್ಸೋಕೆ ಕುಕ್ಕರ್ ಯಾಕೆ?”

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆ ಜಾನಕಮ್ಮನ ದನಿ: “ಏನ್ರೀ, ನಿಮ್ಮನೇಲಿ ಏಕಾದಶಿ ಬಿಟ್ಬಿಟ್ರಾ?” ಅತ್ತೆ ನನ್ನ ಮುಖ ನೋಡಿದ ರೀತಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಮೂರು ದಿನ ಮಾತು ಬಿಟ್ಟರು.

ಒಂದು ಸಲ ಮಾಡಿದ್ದನ್ನು ಎರಡನೇ ಸಲ ಮಾಡುವುದಕ್ಕೆ ನಾಚಿಕೆ ಅರ್ಧವಾಗುತ್ತದೆ, ಮೂರನೇ ಸಲಕ್ಕೆ ಅದೇ ಪದ್ಧತಿಯಾಗುತ್ತದೆ. ಆ ಡಿಸೆಂಬರಿಗೆ ಹನ್ನೊಂದು ಗಂಟೆಯದಕ್ಕೇ ಹನ್ನೆರಡು ಜನ. ಜೊತೆಗೆ ಒಂಬತ್ತಕ್ಕೊಂದು ಗುಂಪು, ನಾಲ್ಕಕ್ಕೊಂದು ಗುಂಪು. ಒಂದು ಮನೆಗೆ ದಿನಕ್ಕೆ ಮೂರು ಸಲ ಎಲ್ಲಿ ಬೇಳೆ ಬೇಯಿಸುವುದು? ಒಂಬತ್ತಕ್ಕೂ ನಾಲ್ಕಕ್ಕೂ ನೀರು. ಹನ್ನೊಂದರದೂ ನೀರಾಗಲು ಬಹಳ ದಿನ ಬೇಕಾಗಲಿಲ್ಲ, ಏಕೆಂದರೆ ಬೇಳೆಯನ್ನು ಬೆಳಿಗ್ಗೆಯೇ ಬೇಯಿಸಿಟ್ಟರೆ ಆ ಹೊತ್ತಿಗೆ ಸೀರೆ ನೀಟಾಗಿರುತ್ತದೆ ಎಂದು ಕಂಡುಕೊಂಡಿದ್ದೆ. ಎರಡು ತಿಂಗಳು ಬರುತ್ತಿದ್ದ ಸಿಲಿಂಡರ್ ಮೂರು ವಾರಕ್ಕೆ ಮುಗಿಯಿತು. ನಮ್ಮವರು ಪೈಪು ಲೀಕಾಗಿದೆ ಎಂದು ಸೋಪಿನ ನೊರೆ ಹಚ್ಚಿ ಹಚ್ಚಿ ನೋಡಿದರು. ಹಿಂದಿನ ಕಾಲದಲ್ಲಿ ಶಿಷ್ಯರು ಗುರುವಿನ ಮನೆಗೆ ಹೋಗುವಾಗ ಕೈಯಲ್ಲಿ ಸಮಿತ್ತು ಹಿಡಿದು ಹೋಗುತ್ತಿದ್ದರಂತೆ. ಅದು ಯಜ್ಞಕ್ಕೆ ಎಂದು ಪಂಡಿತರು ಹೇಳುತ್ತಾರೆ. ಗುರುಪತ್ನಿಯ ಒಲೆಗೂ ನಾಲ್ಕು ಕಡ್ಡಿ ಸಂದಿರಬೇಕು ಎಂದು ನನ್ನ ಗುಮಾನಿ. ಆ ಶಿಷ್ಯರು ಸೌದೆ ತಂದರು, ನನ್ನ ಶಿಷ್ಯರು ಗ್ಯಾಸು ಮುಗಿಸಿದರು.

ಗ್ಯಾಸು ಹೋಗಲಿ, ಪಾಠ? ಅದನ್ನು ಹೇಳುವಾಗ ಈಗಲೂ ನಾಚಿಕೆಯಾಗುತ್ತದೆ. ಒಂದು ದಿನ ಒಬ್ಬನಿಗೆ ‘ಬೇಳೆ’ ಎಂದು ಹೇಳಿಸಲು ನಾಲ್ಕು ಸಲ ತಿದ್ದಿದೆ. ಸಾಯಂಕಾಲ ಪುಟದಲ್ಲಿ ಬಂತು: ಇವತ್ತು ಯಾಕೋ ತಾಯಿಯ ಮನಸ್ಸು ಕಲಕಿತ್ತು, ವಾತಾವರಣ ಒರಟಾಗಿತ್ತು. ಮಾರನೆಯ ದಿನ ನಾಲ್ಕು ಜನ ಬರಲಿಲ್ಲ. ನಾನು ಬ್ರೌಸಿಂಗ್ ಸೆಂಟರಿಗೆ ದಿನಾ ಹೋಗತೊಡಗಿದ್ದೆ ಎಂಬುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಅವತ್ತಿನಿಂದ ತಿದ್ದುವುದನ್ನು ಬಿಟ್ಟೆ. ‘ಬೇಲೆ’ ಎಂದರೆ ‘ಬೇಲೆ’ಯೇ ಸರಿ, ಮುಗುಳ್ನಕ್ಕು ತಲೆಯಾಡಿಸಿದೆ. ನಾಲ್ವರೂ ವಾಪಸು ಬಂದರು. ಪುಟ್ಟಮ್ಮನ ಬುಟ್ಟಿಯಲ್ಲಿ ಸಾಗುತ್ತಿದ್ದ ಪ್ರಶ್ನೆ ‘ಏನು ಕಲಿತರು?’ ಎಂಬುದಾಗಿತ್ತು. ಈ ಪುಟದಲ್ಲಿ ಎಲ್ಲರೂ ಕೇಳುತ್ತಿದ್ದದ್ದು ‘ಹೇಗಿತ್ತು?’ ಎಂದು. ಚೆನ್ನಾಗಿಯೇ ಇತ್ತು. ಮೂರು ತಿಂಗಳು ಕೂತು ಎದ್ದು ಹೋದವರಿಗೆ ಒಂದು ಲೋಟ ನೀರು ಕೇಳಲು ಬರುತ್ತಿರಲಿಲ್ಲ, ಆದರೆ ಎಲ್ಲರಿಗೂ ಬಹಳ ಚೆನ್ನಾಗಿತ್ತು.

ಆ ಜನವರಿಯಲ್ಲಿ ಇಂಗ್ರಿಡ್ ಬಂದಳು, ಹೇಳದೆ ಕೇಳದೆ. ಹನ್ನೊಂದರ ಗುಂಪಿನ ಹಿಂದೆ ಬಂದು ಕೂತು ನನಗೆ ಕಣ್ಣು ಮಿಟುಕಿಸಿದಳು. ನಾನು ಕಣ್ಣು ಮುಚ್ಚಿದೆ, ಕುಕ್ಕರ್ ಕೂಗಿತು, ಪಾಠವೆಂಬುದು ಆಯಿತು, ಎಲ್ಲರೂ ಹೊರಟರು. ಅವಳು ಮಾತ್ರ ಹಿಂದಿನ ಅಭ್ಯಾಸದಂತೆ ಸೀದಾ ಅಡುಗೆಮನೆಗೆ ನುಗ್ಗಿ, “ಹಸಿವು ಅಮ್ಮ, ತಟ್ಟೆ ಹಾಕ್ಲಾ?” ಎನ್ನುತ್ತಾ ಕುಕ್ಕರಿನ ಮುಚ್ಚಳ ತೆಗೆದಳು. ನಾನು ಬೇಡ ಎನ್ನುವಷ್ಟರಲ್ಲಿ ತೆಗೆದಾಗಿತ್ತು.

“ಅಮ್ಮ, ಇದರಲ್ಲಿ ಬೇಳೆ ಇಲ್ಲ” ಎಂದಳು. ‘ಳ’ ಎಷ್ಟು ಚೆನ್ನಾಗಿತ್ತು! “ಹಾಕೋದು ಮರೆತ್ರಾ?”

ಹೂಂ ಎಂದುಬಿಡುವವಳಿದ್ದೆ. ಹಿಂದಿನಿಂದ ಅತ್ತೆ ಹೇಳಿದರು: “ಮರೆತಿಲ್ಲ ಕಣೇ, ದಿನಾ ಹೀಗೇ. ನೀರು ಕೂಗಿಸ್ತಾಳೆ, ಅವರು ಕಣ್ಣು ಮುಚ್ಚ್ಕೊಂಡು ಕೂತಿರ್ತಾರೆ.”

ಇಂಗ್ರಿಡ್ ನಗುತ್ತಾಳೆ ಎಂದುಕೊಂಡೆ. ಅವಳು ನಗಲಿಲ್ಲ. ಮುಚ್ಚಳ ಕೈಯಲ್ಲೇ ಇತ್ತು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದೊಂದೇ ಪದ ಜೋಡಿಸಿ ಕೇಳಿದಳು:

“ನನಗೆ ಕಲಿಸುವಾಗಲೂ ನೀರೇ ಇತ್ತಾ ಅಮ್ಮ?”

ಬರಸಿಡಿಲು ಬಡಿದಂತಾಯಿತು. ನಾನು ಆಡುತ್ತಿದ್ದ ನಾಟಕದಿಂದ ಈಗಿನವರಿಗೆ ನಷ್ಟ, ಅಷ್ಟೇ ಎಂದುಕೊಂಡಿದ್ದೆ. ಅದು ಹಿಂದಕ್ಕೂ ಹರಿದು, ನಾನು ನಿಜವಾಗಿ ಕಲಿಸಿದ ಒಬ್ಬಳ ನಂಬಿಕೆಯನ್ನೂ ತೊಳೆದುಬಿಡಬಹುದು ಎಂದು ಹೊಳೆದಿರಲೇ ಇಲ್ಲ. “ಇಲ್ಲ ಕಣೇ, ನಿನಗೆ ತೊಗರಿಬೇಳೆ ಇತ್ತು” ಎಂದೆ. ಅವಳು ನಂಬಿದಳೋ ಇಲ್ಲವೋ, ಮುಖದಿಂದ ತಿಳಿಯಲಿಲ್ಲ. ಅವತ್ತು ಊಟ ಮಾಡದೆ ಹೋದಳು.

ಮಾರನೆಯ ದಿನ ನಿಜ ಹೇಳುವುದೆಂದು ನಿಶ್ಚಯಿಸಿದೆ. ಕುಕ್ಕರನ್ನೇ ಹಜಾರಕ್ಕೆ ತಂದು ಹನ್ನೆರಡು ಜನರ ಮುಂದೆ ಇಟ್ಟೆ. ಇದು ಧ್ಯಾನವಲ್ಲ, ಬೇಳೆ ಬೇಯಿಸುವ ಲೆಕ್ಕ. ಈಚೆಗೆ ಬೇಳೆಯೂ ಇರಲಿಲ್ಲ, ಬರೀ ನೀರು. ನೀವೆಲ್ಲ ಮೋಸಹೋಗಿದ್ದೀರಿ, ಎಂದು ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದೆ. ಬೈಯಲಿ, ಎದ್ದು ಹೋಗಲಿ ಎಂದು ಕಾದೆ. ಅವರು ಒಬ್ಬೊಬ್ಬರಾಗಿ ಎದ್ದು ಬಂದು, ಕೈಕಟ್ಟಿ, ಕುಕ್ಕರಿನೊಳಗೆ ಇಣುಕಿದರು. ಒಬ್ಬಾಕೆ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಸಾಯಂಕಾಲ ಪುಟದಲ್ಲಿ ನನ್ನ ಕುಕ್ಕರಿನ ಫೋಟೋ ಬಂತು, ಮೇಲಿನಿಂದ ತೆಗೆದದ್ದು, ನೀರಿನಲ್ಲಿ ಟ್ಯೂಬ್‌ಲೈಟ್ ಹೊಳೆಯುತ್ತಿತ್ತು. ಕೆಳಗೆ ಒಂದೇ ಸಾಲು: ಖಾಲಿತನವೇ ಗುರು. ಸೋಮವಾರ ಗೇಟಿನ ಮುಂದೆ ಇಪ್ಪತ್ತು ಜೊತೆ ಚಪ್ಪಲಿ. ಸುಳ್ಳು ಆಡಿದರೆ ಹನ್ನೆರಡು ಜನ, ನಿಜ ಹೇಳಿದರೆ ಇಪ್ಪತ್ತು! ನಾನು ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತೆ.

“ಎದ್ದೇಳೇ” ಎಂದರು ಅತ್ತೆ. “ಅವರನ್ನೆಲ್ಲ ಜಗಲಿಗೆ ಕಳ್ಸು. ಅವರೆಕಾಯಿ ಬಿಡಿಸ್ಲಿ.”

ಜಗಲಿಯ ಮೇಲೆ ಎರಡು ಮೊರ, ಒಂದು ಮೂಟೆ ಅವರೆಕಾಯಿ. ಅತ್ತೆಯದೇ ಕಾನೂನು. ಮೊರ ಬೇಕಾದರೆ ಕನ್ನಡದಲ್ಲಿ ಕೇಳಬೇಕು. ನೀರು ಬೇಕಾದರೆ ಕನ್ನಡದಲ್ಲಿ ಕೇಳಬೇಕು. ‘ಕಾಳು’ ಎನ್ನುವವರೆಗೆ ಕಾಯಿ ಕೈಬಿಡುವ ಹಾಗಿಲ್ಲ. ಅವರೆಕಾಯಿ ಎಂದ ಮೇಲೆ ಒಳಗೆ ಹುಳ ಇರುವುದೇ. ಮೊದಲ ಹುಳ ಕಂಡಾಗ ಒಬ್ಬ ಎತ್ತರದ ಆಸಾಮಿ ಕಿರುಚಿ, “ಹುಲ! ಹುಲ!” ಎಂದ. “ಹುಳ!” ಎಂದರು ಅತ್ತೆ, ಹುಳವನ್ನು ಅವನ ಮೂಗಿನ ಹತ್ತಿರ ಹಿಡಿದು. “ನಾಲಿಗೆ ಮಡ್ಸೋ. ಇನ್ನೊಂದ್ಸಲ ಹೇಳು.” ಇಪ್ಪತ್ತು ಜನ ಎರಡು ದಿನದಲ್ಲಿ ಒಂಬತ್ತಾದರು, ವಾರದಲ್ಲಿ ಮೂವರಾದರು. ಪುಟದಲ್ಲಿ ಕೊನೆಯದಾಗಿ ಬಂದದ್ದು: ಅಲ್ಲಿಗೆ ಹೋಗಬೇಡಿ, ಬೈಯುತ್ತಾರೆ, ಹುಳ ಇರುತ್ತದೆ. ಅದನ್ನು ಓದಿ ಮನಸ್ಸು ಹಗುರಾಯಿತು. ಬಹಳ ದಿನದ ಮೇಲೆ ನನ್ನ ಬಗ್ಗೆ ಬಂದ ನಿಜವಾದ ಸುದ್ದಿ ಅದು. ಮತ್ತೆ ಆ ಬ್ರೌಸಿಂಗ್ ಸೆಂಟರಿನ ಕಡೆ ಹೋಗಲಿಲ್ಲ.

ಹದಿನೈದು ದಿನವಾದ ಮೇಲೆ ಪುಟ್ಟಮ್ಮ ಬುಟ್ಟಿ ಇಳಿಸುತ್ತಲೇ ಕಣ್ಣರಳಿಸಿದಳು. “ಅಮ್ಮೋರೆ, ನಿಮ್ ಜಗ್ಲೀಲಿ ಕಾಯಿ ಬುಡುಸ್ತದಲ್ಲ, ಆ ಬಿಳೀ ಹುಡ್ಗಿ ಒಂದ್ ಮೊಳ ಹೂವಾ ತಕ್ಕಂಡು, ಮ್ಯಾಲೆ ಕೊಸರು ಕೇಳ್ತು ನೋಡಿ! ಮೊಳ ಅಂತ ಸರ್ಯಾಗಂತು. ನೀವೇನಾ ಕಲ್ಸಿದ್ದು?” ಮೂರು ಬೀದಿಗೆ ಅವಳು ಅದನ್ನು ಹೇಳಿಕೊಂಡು ಹೋಗುತ್ತಾಳೆ ಎಂದು ಗೊತ್ತಿತ್ತು. ಗೊಂಬೆ ಕೂರಿಸುವ ಕಾಲದಲ್ಲಿ ಯಾರಾದರೂ ಕೇಳಿದರೆ ಹೇಳಲು ನನ್ನ ಹತ್ತಿರ ಉತ್ತರವೂ ಇತ್ತು.

ಇಂಗ್ರಿಡ್ ಅಷ್ಟು ದಿನವೂ ನಮ್ಮ ಗೇಟು ದಾಟಿರಲಿಲ್ಲ. ಆ ಶನಿವಾರ ಬಂದಳು. ಜಗಲಿಯ ಮೇಲೆ ಮೂವರ ಪಕ್ಕ ಕೂತು ಮೊರ ಎಳೆದುಕೊಂಡಳು. ನಾನು ಒಳಗೆ ಬೇಳೆ ಇಟ್ಟು ಬಂದು ಪಾಠಕ್ಕೆ ಕೂತೆ. ಆ ಎತ್ತರದ ಆಸಾಮಿ ‘ಹುಳಿ’ ಎನ್ನಲು ಹೋಗಿ ಮತ್ತೆ ‘ಹುಲಿ’ ಎಂದ. ಅತ್ತೆ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ, ಇಂಗ್ರಿಡ್ ಮಧ್ಯದಿಂದ, ಮೂವರೂ ಅವನ ಮೇಲೆ ಬಿದ್ದೆವು. ನಾಲಿಗೆ ಮಡಿಸು, ಮೇಲಕ್ಕೆ ತಾಗಿಸು, ಇನ್ನೊಂದು ಸಲ, ಮತ್ತೊಂದು ಸಲ. ಅವನ ಕಣ್ಣಲ್ಲಿ ನೀರು ಬಂತು, ಉಳಿದವರು ನಕ್ಕು ನಕ್ಕು ಮೊರದ ಕಾಳೆಲ್ಲ ಚೆಲ್ಲಿದರು. ಕೊನೆಗೂ ಅವನ ಬಾಯಿಂದ ‘ಹುಳಿ’ ಬಂದಾಗ ಇಂಗ್ರಿಡ್ ಮೂಗು ಅರಳಿಸಿ, “ಅಮ್ಮಾ, ಬೇಳೆ!” ಎಂದು ಕೂಗಿದಳು.

ಓಡಿದೆ. ಕುಕ್ಕರ್ ಎಷ್ಟು ಸಲ ಕೂಗಿತ್ತೋ, ಆರು ಜನರಲ್ಲಿ ಒಬ್ಬರೂ ಎಣಿಸಿರಲಿಲ್ಲ. ಮುಚ್ಚಳ ತೆಗೆದರೆ ಬೇಳೆ ಕರಗಿ ಗಂಜಿಯಾಗಿತ್ತು, ತಳ ಸ್ವಲ್ಪ ಹಿಡಿದಿತ್ತು. ಇಂಗ್ರಿಡ್ ನನ್ನ ಹೆಗಲ ಮೇಲಿಂದ ಇಣುಕಿ ನೋಡಿ, ಕೇಳದೆಯೇ ತಟ್ಟೆ ಹಾಕಿದಳು. ಅತ್ತೆ ಸೀದ ವಾಸನೆ ಎಂದು ನನ್ನನ್ನು ಬೈಯುತ್ತಲೇ ಎರಡನೇ ಸಲ ಹುಳಿ ಬಡಿಸಿಕೊಂಡರು.